ಚಿತ್ತು

ಪಾಲುಪಟ್ಟಿಯ ಏಳನೇ ಪುಟದಲ್ಲಿ
ಮೂರನೇ ತಮ್ಮನಿಗೆ ಬಾವಿಯ ಹಕ್ಕು ಬರೆಯುವಾಗ
ಪರದೆ ಕಪ್ಪಾಯಿತು.
ಅಣ್ಣತಮ್ಮಂದಿರು ನಾಲ್ವರೂ ಒಟ್ಟಿಗೆ ಬಗ್ಗಿ ನೋಡಿದರು,
ಆ ದಿನ ಅವರು ಒಂದಾದದ್ದು ಅದೊಂದೇ ಸಲ.

ಸಾಗರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ತಗಡಿನ ಮಾಡು, ಒಂದು ಮೇಜು, ನಾನು.
ಪುಟಕ್ಕೆ ನಲವತ್ತು ರೂಪಾಯಿ.
ಅದರಲ್ಲೇ ಅಕ್ಕಿ, ಬಾಡಿಗೆ,
ಅದರಲ್ಲೇ ಇನ್ನು ಲ್ಯಾಪ್‌ಟಾಪು.

ರಾತ್ರಿ ಮೊಬೈಲಿನಲ್ಲಿ ಹಬ್ಬದ ಮಾರಾಟ.
ಐವತ್ತೆಂಟು ಸಾವಿರದ ಒಂಬೈನೂರ ತೊಂಬತ್ತು,
ಅದರ ಮೈಮೇಲೊಂದು ಅಡ್ಡಗೆರೆ.
ಕೆಳಗೆ ದಪ್ಪಕ್ಷರದಲ್ಲಿ ಮೂವತ್ತೊಂದು ಚಿಲ್ಲರೆ.
ಪಕ್ಕದಲ್ಲಿ ಹಿಂದಕ್ಕೆ ಓಡುವ ಗಡಿಯಾರ,
ಕೊನೇ ಬಸ್ಸಿನ ಕಂಡಕ್ಟರನ ಹಾಗೆ
ರೈಟ್ ರೈಟ್ ಅನ್ನುತ್ತ.

ಇಪ್ಪತ್ತೆರಡು ವರ್ಷ ಪತ್ರ ಬರೆದವಳು ನಾನು.
ಒಂದು ಸರ್ವೆ ನಂಬರು ಹೊಡೆದರೂ
ಪಕ್ಕದಲ್ಲಿ ಕೊಟ್ಟವನ ಸಹಿ, ಕೊಂಡವನ ಸಹಿ ಬೇಕು,
ಕೊನೆಗೆ 'ಚಿತ್ತು ಒಂದು' ಎಂದು ಷರಾ ಬೇಕು.
ಇಲ್ಲಿ ಇಪ್ಪತ್ತೇಳು ಸಾವಿರ ಚಿತ್ತಾಗಿದೆ.
ಹೊಡೆದವರು ಯಾರು?
ಸಹಿ ಎಲ್ಲಿ?

ಕೊಳ್ಳಲಿಲ್ಲ.
ಹಳೇ ರಿಜಿಸ್ಟರಿನ ಹಿಂಬದಿಯಲ್ಲಿ
ಹಾಲಿನ ಲೆಕ್ಕದ ಹಾಗೆ ದಿನಾ ದರ ಬರೆದಿಟ್ಟೆ.
ಮಾರಾಟ ಮುಗಿದ ಮಂಗಳವಾರ ಮೂವತ್ತೆರಡು.
ಮುಂದಿನ ಶುಕ್ರವಾರ ಇನ್ನೊಂದು ಹಬ್ಬ:
ಹೊಡೆದ ಬೆಲೆ ಅರವತ್ತೆರಡಕ್ಕೆ ಏರಿತ್ತು,
ಕೊಡುವ ಬೆಲೆ ಮತ್ತದೇ ಮೂವತ್ತೊಂದು.
ಇಳಿಯಿತು ಇಳಿಯಿತು ಅಂದದ್ದು
ಮೊದಲು ಅಟ್ಟ ಹತ್ತಿಸಿ
ಆಮೇಲೆ ಇಳಿಸಿದ ಕುಂಬಳಕಾಯಿ.

ನಮ್ಮಮ್ಮ ಸಂತೆಯಲ್ಲಿ
ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು,
ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಳು.
ಗಾಜಿನಾಚೆಯ ಸಾಮಾನಿಗೆ
ಯಾವ ತುದಿ ಮುರಿಯಲಿ?

ಜೋಗ ರಸ್ತೆಯ ಫೆಲಿಕ್ಸ್ ಡಯಾಸ್,
ಮಿಕ್ಸಿ ಬಿಚ್ಚುತ್ತಲೇ ಕೇಳಿದ:
"ಅಕ್ಕಾ, ಅದರಲ್ಲಿ ನೀವು ಮಾಡೋದೇನು?"
ನುಡಿಯಲ್ಲಿ ಟೈಪು. ಪ್ರಿಂಟು. ಕಾವೇರಿಯಲ್ಲಿ ಅರ್ಜಿ.
"ಮತ್ತೆ ಆಟ ಆಡೋರ ಮಿಷನ್ನು ಯಾಕೆ?
ರ‍್ಯಾಮು ಎಂಟಿರಲಿ, ಎಸ್‌ಎಸ್‌ಡಿ ಇರಲಿ,
ಬ್ಯಾಟರಿ ಬದಲಿಸೋಕೆ ಬರಲಿ,
ವಾರಂಟಿ ಬಾಯಲ್ಲಲ್ಲ, ಬರಹದಲ್ಲಿರಲಿ.
ಕಂಪನಿಯವರು ಬಳಸಿ ಬಿಟ್ಟು, ರಿಪೇರಿ ಆದದ್ದು ನೋಡಿ.
ಒಂದು ನಕ್ಷತ್ರ ಕೊಟ್ಟವರದ್ದು ಮೊದಲು ಓದಿ.
ಐದು ಕೊಟ್ಟವರದ್ದು ಮದುವೆಮನೆ ಮಾತು."

ಹತ್ತೊಂಬತ್ತು ಸಾವಿರದ ಇನ್ನೂರು.
ಪುಟದಲ್ಲಿ ಹೇಳುವುದಾದರೆ ನಾನೂರ ಎಂಬತ್ತು.
ವಾಪಸಿನ ಷರತ್ತನ್ನು ಮೂರು ಸಲ ಓದಿದೆ:
ಹತ್ತು ದಿನ ಎಂದರೆ ಎಲ್ಲಿಂದ ಹತ್ತು?
ಹೊರಟ ದಿನದಿಂದಲೋ, ತಲುಪಿದ ದಿನದಿಂದಲೋ?
ಬರೆದು ಕೇಳಿದೆ. ಉತ್ತರ ಬಂತು.
ಪ್ರಿಂಟು ತೆಗೆದಿಟ್ಟೆ.

ಅಷ್ಟರಲ್ಲಿ ಮೂರು ವಾರ
ಪಕ್ಕದ ಮೇಜಿನ ದ್ಯಾವಪ್ಪನ ಕಂಪ್ಯೂಟರು,
ಪುಟಕ್ಕೆ ಹತ್ತು ಅವನಿಗೆ.
ಕಾಯುವುದೂ ಪುಕ್ಕಟೆಯಲ್ಲ;
ಅದನ್ನು ಯಾವ ಅಡ್ಡಗೆರೆಯೂ ಹೊಡೆಯಲಿಲ್ಲ.

ರಟ್ಟಿನ ಪೆಟ್ಟಿಗೆ ಬಂತು.
ತೆರೆದು, ರೂಢಿಯಂತೆ, ಚಕ್ಕುಬಂದಿ ನೋಡಿದೆ:
ಎಡಕ್ಕೆ ಯುಎಸ್‌ಬಿ ಎರಡು, ಬಲಕ್ಕೆ ಚಾರ್ಜಿನ ತೂತು,
ಮೇಲಕ್ಕೆ ಕ್ಯಾಮೆರಾ, ಕೆಳಕ್ಕೆ
ಯಾವುದೋ ಕಚೇರಿಯ ಆಸ್ತಿ ನಂಬರು,
ಮೊಳೆಯಲ್ಲಿ ಗೀಚಿ ಅಳಿಸಿದ್ದು.
ಸ್ಪೇಸ್‌ಬಾರು ಎಡಗಡೆ ಮಾತ್ರ ಸವೆದಿತ್ತು.
ಎಡ ಹೆಬ್ಬೆರಳಿನ ಯಾರೋ ಒಬ್ಬರು
ಇಲ್ಲಿ ಬಹಳ ಕಾಲ
ಪದದಿಂದ ಪದ ಬಿಡಿಸಿಟ್ಟಿದ್ದರು.

ಗೀಚಿದ ನಂಬರಿನ ಪಕ್ಕ, ಮಾರ್ಕರಿನಲ್ಲಿ,
ಸಣ್ಣದಾಗಿ ಸಹಿ ಹಾಕಿದೆ: ಚೂಡಾಮಣಿ.
ಕೊಂಡವಳದ್ದು.
ಕೊಟ್ಟವರ ಜಾಗ ಖಾಲಿ ಬಿಟ್ಟೆ.

ಮೊನ್ನೆ ಭಾನುವಾರ ಸುಮ್ಮನೆ ನೋಡಿದರೆ
ಅದೇ ಮಾಲು ಹದಿನೆಂಟು ಸಾವಿರದ ಆರುನೂರು.
ಹದಿನೈದು ಪುಟ.
ನೋಡಬಾರದಿತ್ತು.
ಮೊಬೈಲು ಮಗುಚಿಟ್ಟು
'ಶುದ್ಧ' ಎಂದು ಒತ್ತಿದೆ,
ಎಡ ಹೆಬ್ಬೆರಳಲ್ಲಿ ಒಂದು ಜಾಗ ಬಿಟ್ಟೆ,
'ಕ್ರಯಪತ್ರ' ಎಂದು ಒತ್ತಿದೆ.