ಕ್ಯಾಖ್ತಾದ ಬೈರಿಗೆ

ಒಂಟೆಗಳು ಬಂದ ದಿನ ಊರಿಗೆಲ್ಲ ಒಂದೇ ವಾಸನೆ:
ಒದ್ದೆ ಉಣ್ಣೆ, ಹಳೆಯ ಮಣ್ಣು, ಅದರಡಿಯಲ್ಲಿ
ಕಹಿ.
ಬುಖಾರದ ಯೋಲ್ದಾಶ್ ಮೂಟೆ ಬಿಚ್ಚುತ್ತಾನೆ.
ಕುದುರೆ ಗೊರಸಿನಷ್ಟು ದಪ್ಪ ರೇವಲಚಿನ್ನಿ ಬೇರು.
ಟಾಂಗುಟ್ ಬೆಟ್ಟದಲ್ಲಿ ಅಗೆದದ್ದು,
ಕುರಿಯ ಕೊಂಬಿಗೆ ನೇತುಹಾಕಿ
ಕುರಿ ಮೇಯುತ್ತ ಮೇಯುತ್ತ ಒಣಗಿದ್ದು, ಎನ್ನುತ್ತಾನೆ.
ನಂಬುವವರು ನಂಬಲಿ.

ಸರ್ಕಾರದ ಔಷಧಿಗಾರ ಲಿಂಡ್‌ಹೋಲ್ಮ್
ನಂಬುವ ಪೈಕಿಯಲ್ಲ. ಬೈರಿಗೆ ಹಾಕು, ಅನ್ನುತ್ತಾನೆ.
ಒಂದೊಂದು ಬೇರಿಗೂ ಒಂದು ತೂತು.
ಒಳಗೆ ಕೆಂಪು ಬಿಳಿ ಸುಳಿ ಕಂಡರೆ,
ಹಲ್ಲಿಗೆ ಮರಳಿನಂತೆ ಕರಕರ ಅಂದರೆ,
ಎಂಜಲು ಕೇಸರಿಯಾದರೆ, ರಾಜಧಾನಿಗೆ.
ಕಪ್ಪು ಕಂಡರೆ ಬೆಂಕಿಗೆ.
ಅಲ್ಲಿ, ಆರು ತಿಂಗಳ ದಾರಿಯಾಚೆ,
ಬೆಣ್ಣೆಯಲ್ಲಿ ಹುರಿದ ಬಾತುಕೋಳಿ ತಿಂದು ಮಲಗಿದ
ದೊಡ್ಡ ದೊಡ್ಡ ಹೊಟ್ಟೆಗಳು
ಬೆಳಗಿನ ಜಾವ ಇದಕ್ಕೇ ಕಾಯುತ್ತವಂತೆ.

ಬೈರಿಗೆ ತಿರುಗಿಸುವವಳು ಸೆಸೆಗ್ಮಾ.
ಸಂಜೆಗೆ ಅಂಗೈ ಗೆರೆಗಳೆಲ್ಲ ಹಳದಿ,
ರೆಪ್ಪೆ ಹಳದಿ, ಜಡೆಯ ತುದಿ ಹಳದಿ.
ಬಾಗಿಲಲ್ಲಿ ಅರ್ಖಿಪ್ ತೋಳು ತಡಕುತ್ತಾನೆ,
ಸೊಂಟದ ಪಟ್ಟಿ ಬಿಚ್ಚಿಸಿ ಕೊಡವುತ್ತಾನೆ:
ರಾಣಿಯ ಸೊತ್ತು, ಚಿಟಿಕೆಯೂ ಹೊರಗೆ ಹೋಗಕೂಡದು.

ಹೋಗುತ್ತದೆ.
ಉಸಿರಲ್ಲಿ ಹೋಗುತ್ತದೆ, ಉಗುರಲ್ಲಿ ಹೋಗುತ್ತದೆ,
ಕತ್ತಲಲ್ಲಿ ಎದೆ ಹುಡುಕುವ ಮೂರು ತಿಂಗಳ ಝಾಲ್ಸಾನನ ಬಾಯಿಗೆ
ಹಾಲಲ್ಲಿ ಹೋಗುತ್ತದೆ.
ನಡುರಾತ್ರಿ ಮಗು ಕಾಲು ಮಡಚಿ ಕಿರುಚುತ್ತದೆ,
ಉಣ್ಣೆಯ ತೊಟ್ಟಿಲು ತೊಯ್ದು ಹಳದಿ.

ಕಣ್ಣು ಬಿದ್ದಿದೆ, ಎಂದಳು ಅತ್ತೆ, ಹೊಗೆ ಹಾಕಿದಳು.
ಲಾಮಾ ಬಂದು ನೂಲು ಕಟ್ಟಿ ಹೋದ.
ವಾಸನೆ ಗೊತ್ತಿದ್ದವಳು ಅವಳೊಬ್ಬಳೇ.
ಮೂರು ದಿನ ಕೆಲಸ ಬಿಟ್ಟಳು,
ಮಗು ನಕ್ಕಿತು.
ನಾಲ್ಕನೆಯ ದಿನ ಹಿಟ್ಟಿನ ಚೀಲ ಕೊಡವಿದರೆ
ಬಿದ್ದದ್ದು ಎರಡು ಹುಳ.

ಆ ಚಳಿಗಾಲ ಪೀಕಿಂಗಿನಿಂದ ಅಪ್ಪಣೆ: ಗಡಿ ಮುಚ್ಚಿ,
ಅವರ ಹೊಟ್ಟೆ ಕಟ್ಟಲಿ, ಬುದ್ಧಿ ಬರಲಿ.
ಲಿಂಡ್‌ಹೋಲ್ಮ್ ಕಾಗದದ ಮೇಲೆ ಕಾಗದ ಬರೆದ.
ಬೈರಿಗೆಗೆ ತುಕ್ಕು ಹಿಡಿಯಿತು.
ಝಾಲ್ಸಾನನ ಕೆನ್ನೆ ಮಾತ್ರ ತುಂಬಿತು,
ಅತ್ತೆ ಲಾಮಾನನ್ನು ಹೊಗಳಿದಳು.
ಅತ್ತೆಗೂ ಸೊಸೆಗೂ ಒಂದೇ ಬಟ್ಟಲು ಚಹಾ,
ಅದರಲ್ಲಿ ಹಿಟ್ಟಿಲ್ಲ, ಉಪ್ಪಿದೆ.
ಕಟ್ಟುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ,
ಎಂದು ಇಬ್ಬರೂ ನಗುತ್ತಿದ್ದರು.

ಮಂಜು ಸಡಿಲಾದ ಒಂದು ಬೆಳಗ್ಗೆ
ದಕ್ಷಿಣದ ದಿಕ್ಕಿಗೆ ಒಂಟೆಯ ಗಂಟೆ.
ಸೆಸೆಗ್ಮಾ ಮೂಗಿಗೆ ಬಟ್ಟೆ ಕಟ್ಟಿದಳು, ಬಿಚ್ಚಿದಳು,
ಕೂತು, ಎರಡೂ ಎದೆ ಬರಿದಾಗುವವರೆಗೆ
ಮಗುವಿಗೆ ಕುಡಿಸಿದಳು.
ಆಮೇಲೆ ಬಟ್ಟೆ ಕಟ್ಟಿಕೊಂಡು ಎದ್ದಳು.