ಬಾಗಿಲು ತಟ್ಟುವವರು

ಗುರುವಾರ ಮಧ್ಯಾಹ್ನ ಮೂರಕ್ಕೆ
ವಾಲ್ಪರೈಸೋದ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ
ಶೌಚಾಲಯದ ಕನ್ನಡಿಯೆದುರು
ಕೆಂಪು ಮೂಗು ಹಚ್ಚಿಕೊಳ್ಳುತ್ತೇನೆ.
ಉಳಿದ ದಿನ ನಾನು, ಗುಡ್ಡ ಹತ್ತಿಳಿಯುವ ಹಳಿಬಂಡಿಯಲ್ಲಿ
ಟಿಕೇಟು ಹರಿಯುವವನು.
ಜೊತೆಗಾತಿ ಎದುವಿಹಿಸ್, ಭೂಗೋಳ ಕಲಿಸಿ ನಿವೃತ್ತಳಾದ ಟೀಚರು,
ಅರವತ್ತೆಂಟು, ಮಂಡಿನೋವು,
ಕೋಟಿನೊಳಗೆ ಒಂದು ರಬ್ಬರಿನ ಕೋಳಿ.

ನಮಗೆ ಕಲಿಸಿದ ಮೊದಲ ಪಾಠ ನಗಿಸುವುದಲ್ಲ.
ಬಾಗಿಲು ತಟ್ಟುವುದು.
ಬರಲೇ ಎಂದು ಕೇಳಿ, ಉತ್ತರಕ್ಕೆ ಕಾಯುವುದು,
ಬಾಗಿಲು ತೆರೆದೇ ಇದ್ದರೂ.

ಇಲ್ಲಿ ಬೇರೆ ಯಾರೂ ಕೇಳುವುದಿಲ್ಲ.
ಸೂಜಿ ಕೇಳುವುದಿಲ್ಲ, ಸಪ್ಪೆ ಸೂಪು ಕೇಳುವುದಿಲ್ಲ,
ನಡುರಾತ್ರಿ ಜ್ವರ ಅಳೆಯುವ ಕೈ ಕೇಳುವುದಿಲ್ಲ.
ಕೂದಲೂ ಅಷ್ಟೇ, ದಿಂಬಿನ ಮೇಲೆ ಉಳಿದುಬಿಡುವ ಮುನ್ನ
ಒಂದು ಮಾತು ಹೇಳುವುದಿಲ್ಲ.
ಇಡೀ ಕಟ್ಟಡದಲ್ಲಿ ಬೇಡ ಎನ್ನಿಸಿಕೊಂಡು
ಸುಮ್ಮನೆ ಹೊರಟುಹೋಗುವವರು ನಾವಿಬ್ಬರೇ.

ಹನ್ನೊಂದನೇ ಕೋಣೆಯ ರಾಯೆನ್, ಏಳು ವರ್ಷ,
ಮೊದಲ ದಿನವೇ ಇದನ್ನು ಕಂಡುಹಿಡಿದಳು.
ತಟ್ಟಿದೆವು. "ಬೇಡ."
ಎದುವಿಹಿಸ್ ಟೋಪಿ ತೆಗೆದು, ಸೊಂಟ ಬಾಗಿಸಿ, ತಿರುಗಿ
ಗೋಡೆಗೆ ಹಣೆ ಹೊಡೆದುಕೊಂಡಳು.
ಕೋಳಿ ಕೀ ಎಂದಿತು.
ಒಳಗಿಂದ ಸದ್ದಿಲ್ಲ.
ಹೋದೆವು.

ಮುಂದಿನ ಗುರುವಾರ, ಬೇಡ.
ಅದರಾಚೆಯ ಗುರುವಾರ ತಟ್ಟುವ ಮೊದಲೇ, ಬೇಡ!
ಆ ಬೇಡಕ್ಕೆ ಹಲ್ಲಿತ್ತು,
ಹಾಲುಹಲ್ಲು ಬಿದ್ದ ಕಿಂಡಿಯೂ ಇತ್ತು.
ಅಷ್ಟು ಹೊತ್ತಿಗೆ ನಮ್ಮ ಆಟವೆಲ್ಲ ಹೊರಡುವುದೇ ಆಗಿತ್ತು:
ನನ್ನ ಕೋಟು ಚಿಲಕಕ್ಕೆ ಸಿಕ್ಕಿಕೊಳ್ಳುವುದು,
ನನ್ನನ್ನು ಬಿಡಿಸಲು ಬಂದ ಎದುವಿಹಿಸ್ ತಾನೇ ಸಿಕ್ಕಿಕೊಳ್ಳುವುದು,
ಕೋಳಿಯನ್ನು ಮರೆತು ಹೋಗಿ, ಮರಳಿ,
"ಕೋಳಿ ಮಾತ್ರ ಒಳಗೆ ಬರಬಹುದೇ?"
"ಬೇಡ."
"ಕೋಳಿಯ ಮೊಟ್ಟೆ?"
ಸ್ವಲ್ಪ ಯೋಚನೆ.
"ಅದೂ ಬೇಡ."
ಅವಳಮ್ಮ ಬಂದರಿನ ಹಡಗುಗಳನ್ನು ಎಣಿಸುವವಳಂತೆ
ಕಿಟಕಿಯತ್ತ ತಿರುಗಿದ್ದಳು. ಭುಜ ಅಲುಗುತ್ತಿತ್ತು.
ನಗುವೋ ಮತ್ತೊಂದೋ, ನಾನು ನೋಡಹೋಗಲಿಲ್ಲ.

ಒಂಬತ್ತನೇ ಗುರುವಾರ ನನ್ನ ಹಾರನ್ನಿನತ್ತ ಬೆರಳು ತೋರಿಸಿ
"ಅದು ಇಲ್ಲಿರಲಿ, ನೀವು ಹೋಗಿ" ಎಂದಳು.
ಹಿತ್ತಾಳೆಯ ಹಾರನ್, ನನ್ನ ಸೋದರಮಾವ
ಬೆಳಗಿನ ಬ್ರೆಡ್ಡು ಮಾರುತ್ತಿದ್ದ ಮೂರುಗಾಲಿಯದ್ದು.
ಕೊಡಲು ಮನಸ್ಸಿರಲಿಲ್ಲ, ನಿಜ ಹೇಳುತ್ತೇನೆ.
ಕೊಟ್ಟೆ.
ನರ್ಸ್ ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿ ಒಳಗೊಯ್ದಳು.

ಆಮೇಲಿನದು ಆ ನರ್ಸ್ ಹೇಳಿದ್ದು.
ಮರುದಿನ ಡಾಕ್ಟರ್ ಉರ್ರೂತಿಯಾ, ಆರಡಿ ಮೂರಂಗುಲ,
ಬೆನ್ನಿಗೆ ಚುಚ್ಚುವ ಸರಂಜಾಮಿನ ತಟ್ಟೆ ಹಿಡಿದು ಒಳನುಗ್ಗಿದರೆ
ಹಾರನ್ ಕೂಗಿತಂತೆ.
ಅಷ್ಟು ದೊಡ್ಡ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು,
ಸುತ್ತ ನೋಡಿ,
ಹೊರಗೆ ಹೋಗಿ,
ತಟ್ಟಿದ.

"ಬರಲೇ?"
"ಬೇಡ."
ಕಾರಿಡಾರಿನಲ್ಲಿ ನಿಂತ. ತಟ್ಟೆಯ ಮೇಲಿನ ಬಟ್ಟೆ ಸರಿಪಡಿಸಿದ.
ಗಡಿಯಾರ ನೋಡಿ, ನೋಡದವನಂತೆ ಕತ್ತು ತುರಿಸಿಕೊಂಡ.
ಹತ್ತು ನಿಮಿಷ. ಹತ್ತೇ.
ಸೂಜಿ ತಪ್ಪಲಿಲ್ಲ.
ನೋವು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.
ಅತ್ತಳು, ಎಲ್ಲರ ಹಾಗೆ, ವಾರ್ಡು ಹಾರಿಹೋಗುವಂತೆ.
ಆದರೆ "ಈಗ ಬನ್ನಿ" ಅಂದವಳು
ಅವಳೇ.

ಆಗಸ್ಟಿನ ಚಳಿಯಲ್ಲಿ ಸಾಂತಿಯಾಗೋಗೆ ಕರೆದೊಯ್ದರು.
ಯಾರದೋ ಮಜ್ಜೆ ಹೊಂದಿತಂತೆ.
ಮುಂದಿನದನ್ನು ವಿಚಾರಿಸಬಾರದು, ಅದೂ ನಮ್ಮ ಪಾಠದಲ್ಲೇ ಇದೆ.
ಹಾರನ್ ವಾಪಸು ಬಂದಿಲ್ಲ.
ಒಳ್ಳೆಯ ಲಕ್ಷಣ ಎನ್ನುತ್ತಾಳೆ ಎದುವಿಹಿಸ್.
ನೂರಿಪ್ಪತ್ತು ಕಿಲೋಮೀಟರು, ನಕಾಶೆಯಲ್ಲಿ ನನ್ನ ಉಗುರಿನಷ್ಟು,
ಕಿವಿಗೊಟ್ಟರೆ ಕೇಳಿಸೀತು ಎನ್ನುತ್ತಾಳೆ.
ಭೂಗೋಳದ ಟೀಚರು ಹೇಳುವ ಮಾತೇ ಇದು?

ಇವತ್ತು ಹನ್ನೊಂದರಲ್ಲಿ ಬೇರೆ ಯಾರೋ.
ಒಬ್ಬ ಹುಡುಗ. ಹೆಸರಿನ್ನೂ ಹಲಗೆಗೆ ಏರಿಲ್ಲ.
ಬಾಗಿಲು ಪೂರ್ತಿ ತೆರೆದಿದೆ.
ಚೌಕಟ್ಟಿನ ಮೇಲೆ ಬೆರಳು ಮಡಚಿ ತಟ್ಟುತ್ತೇನೆ,
ಕಾಯುತ್ತೇವೆ:
ಮೊದಲು ನಾನು, ನನ್ನ ಹಿಂದೆ ಎದುವಿಹಿಸ್,
ಅವಳ ಹಿಂದೆ, ಸಾಲಿನಲ್ಲಿ,
ತಟ್ಟೆ ಹಿಡಿದು
ಉರ್ರೂತಿಯಾ.