ಹಾಲೇಶನ ಏಟು

ದುರ್ಗಿಗುಡಿಯ ಮಹಡಿ ರೂಮು. ಹೊಸ ಸಾಫ್ಟ್‌ವೇರು
ಮೂವತ್ತು ದಿನ ಪುಕ್ಕಟೆ. ಅದರಲ್ಲಿ ಹನ್ನೊಂದು
ಕತ್ತರಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಹೋದವು.

ಲವೀನಾಳ ತುಟಿ ಒಂದು ಕಡೆ, ದನಿ ಒಂದು ಕಡೆ.
ಎಳೆದೆ, ತಳ್ಳಿದೆ, ಅಳಿಸಿದೆ, ಅಳಿಸಿದ್ದನ್ನು ವಾಪಸ್ ಕರೆದೆ.
ತುಂಗೆಯ ಸೇತುವೆ ಮೇಲೆ ಅಷ್ಟು ಚೆಂದ ಹಾಡಿದವಳು
ನನ್ನ ಪರದೆಯಲ್ಲಿ ಮೀನಿನ ಹಾಗೆ ಬಾಯಿ ಬಿಡುತ್ತಾಳೆ.
ಸಿಟಿ ಬಸ್ಸು ಮಾತ್ರ
ಸರಿಯಾದ ಹೊತ್ತಿಗೆ ಹಾರನ್ ಹೊಡೆಯುತ್ತದೆ.

ಆಗ ನೆನಪಾದ ಹಾಲೇಶ.
ಪ್ರತಿ ಶಾಟಿಗೂ ಮುಂಚೆ ಓಡಿ ಬಂದು
ಅಂಗೈ ಎರಡೂ ಎತ್ತಿ ಒಂದೇ ಚಪ್ಪಾಳೆ.
ಯಾಕೋ ಅಂದರೆ, "ಇರಲಿ, ಬೇಕಾಗುತ್ತೆ."
ಮದುವೆ ವಿಡಿಯೋದವರ ಹಿಂದೆ
ಮೂರು ಬೇಸಿಗೆ ಲೈಟು ಹಿಡಿದವನು.

ದನಿಯ ಗೆರೆಯಲ್ಲಿ ಅದೊಂದು ಮುಳ್ಳು, ನೆಟ್ಟಗೆ.
ಮುಳ್ಳಿಗೆ ಅವನ ಅಂಗೈ ತಾಗಿಸಿದೆ.
ಲವೀನಾ ಹಾಡಿದಳು.

ಇನ್ನು ಶುರುವಿನ ತುಂಡುಗಳು ಬೇಡ.
ಹದಿನಾಲ್ಕು ಸಲ ಓಡಿ ಬಂದವನನ್ನು
ಹದಿನಾಲ್ಕು ಸಲ ಕತ್ತರಿಸಿದೆ.
ಒಂದರಲ್ಲಿ ಶರ್ಟಿನ ಗುಂಡಿ ಬಿಟ್ಟಿತ್ತು,
ಒಂದರಲ್ಲಿ ನಗು ತಡೆಯದೆ ಏಟು ತಪ್ಪಿತ್ತು.
ಅದನ್ನು ಎರಡು ಸಲ ನೋಡಿ, ಕತ್ತರಿಸಿದೆ.

ಕಾಲೇಜಿನ ಹಾಲಿನಲ್ಲಿ ಹಾಡು ಮುಗಿದಾಗ
ಕೊನೆ ಬೆಂಚಿನಿಂದ ಮೊದಲು ಸಿಡಿದದ್ದು ಅವನದೇ.
ಆ ಮುಳ್ಳಿನ ಎತ್ತರ ನನಗೆ ಗೊತ್ತು.
ಆಮೇಲೆ ಹತ್ತಿರ ಬಂದು ಮೆಲ್ಲಗೆ ಅಂದ:
"ಬಸ್ಸಿನ ಹಾರನ್ ಹಾಗೇ ಉಳಿದಿದೆ ಕಣೋ."